ಒಂದೇ ದಿನ ಎರಡು ಶೋ ಉಂಟಾ? ಗೊಂಬೆ ಮಾತಾಡಿಸುವವರು ಹೀಗೆ ಮಾಡಿ

ಡಿಸೆಂಬರ್ ಬಂತಂದ್ರೆ ನಮ್ಮ ಊರಲ್ಲಿ ಸ್ಕೂಲ್ ಡೇ, ರೋಸ್ (ಕ್ರಿಶ್ಚಿಯನ್ನರ ಮದುವೆಗೆ ಮೊದಲಿನ ಶಾಸ್ತ್ರ), ಬರ್ತ್‌ಡೇ ಎಲ್ಲ ಒಟ್ಟೊಟ್ಟಿಗೆ, ಮಧ್ಯಾಹ್ನ ಮಂಗಳೂರಲ್ಲಿ ಒಂದು ಸಂಜೆ ಉಡುಪಿಯಲ್ಲಿ ಒಂದು ಅಂತ ಒಪ್ಪಿಕೊಳ್ಳುವ ಹೊಸ ಹುಡುಗರಿಗೆ ನಾನು ಹೇಳುದು ಇಷ್ಟೇ, ಕೆಲಸ ಸ್ಟೇಜಲ್ಲಿ ಶುರು ಆಗುದಲ್ಲ, ಹಿಂದಿನ ದಿನದ ಫೋನಲ್ಲಿ ಶುರು ಆಗುದು.

ಫೋನ್ ಮಾಡಿ ಮೂರು ವಿಷಯ ಕೇಳಿ. ಮಗುವನ್ನು ಮನೆಯಲ್ಲಿ ಎಂತ ಕರೀತಾರೆ, ಮನೆ ಭಾಷೆ ತುಳುವಾ ಕೊಂಕಣಿಯಾ ಬ್ಯಾರಿಯಾ, ಮೈಕ್ ಎಂಥದ್ದು. ಒಂದು ಕೈ ಗೊಂಬೆಯ ಒಳಗೆ ಇರ್ತದೆ ಮಾರಾಯ್ರೆ, ಇನ್ನೊಂದು ಕೈಯಲ್ಲಿ ಮೈಕ್ ಹಿಡಿದ್ರೆ ಎಂತ ಮಾಡ್ಲಿಕ್ಕೂ ಆಗುದಿಲ್ಲ, ಕಾಲರ್ ಮೈಕ್ ಇಲ್ಲಾಂದ್ರೆ ಸ್ಟ್ಯಾಂಡ್ ಬೇಕೇ ಬೇಕು.

ಬೆಳಿಗ್ಗೆ ಎದ್ದು ಕನ್ನಡಿ ಎದುರು ಅರ್ಧ ಗಂಟೆ ಪ್ರಾಕ್ಟೀಸ್. ಗೊಂಬೆಯ ಮಾತು ಆಡುದು ನಾವೇ, ಆದ್ರೆ ನಮ್ಮ ತುಟಿ ಅಲುಗಬಾರ್ದು. ಪ ಫ ಬ ಭ ಮ, ಈ ಐದೂ ತುಟಿ ಮುಚ್ಚದೆ ಬರುದಿಲ್ಲ, ಹಾಗಾಗಿ ಪ ಇದ್ದಲ್ಲಿ ತ, ಬ ಇದ್ದಲ್ಲಿ ದ, ಮ ಇದ್ದಲ್ಲಿ ನ ಹಾಕಿ, ನಾಲಿಗೆ ಮೇಲಿನ ಹಲ್ಲಿನ ಹಿಂದೆ ಒತ್ತಿ, ಮನಸ್ಸಲ್ಲಿ ಮಾತ್ರ ನಿಜವಾದ ಅಕ್ಷರವನ್ನೇ ನೆನಸ್ಕೊಳ್ಳಿ. ಮಾತಿನ ನಡುವೆ ಬಂದ್ರೆ ಜನರ ಕಿವಿ ತಾನಾಗಿ ಸರಿ ಮಾಡ್ಕೊಳ್ತದೆ, ಮೊದಲಕ್ಷರವಾಗಿ ಬಂದ್ರೆ ಸಿಕ್ಕಿಬೀಳ್ತೀರಿ, 'ಬನ್ನಿ' ಅನ್ನುದು 'ದನ್ನಿ' ಅಂತ ನೇರ ಕೇಳ್ತದೆ. ಅಪ್ಪ, ಅಮ್ಮ ಇನ್ನೂ ಕಷ್ಟ, ಒತ್ತಕ್ಷರ ಅಲ್ವಾ. ನನ್ನ ಗೊಂಬೆ ಡ್ಯಾಡಿ ಅಂತದೆ, ಅಜ್ಜಿ ಅಂತದೆ. ತುಳು ಮನೆಯಲ್ಲಿ 'ಬಲೆ ಬಲೆ' (ಬನ್ನಿ ಬನ್ನಿ) ನೀವು ಹೇಳಿ, 'ಎಂಚ ಉಲ್ಲರ್' (ಹೇಗಿದ್ದೀರಿ) ಗೊಂಬೆಗೆ ಬಿಡಿ. ಬರ್ತ್‌ಡೇ ಮಗುವಿನ ಹೆಸರು ಪೃಥ್ವಿ ಆದ್ರೆ ಹೆಸರು ನೀವು ಕರೀರಿ, ಗೊಂಬೆ ಚಿನ್ನಿ ಅಂತ ಕರೀಲಿ. ಗೊಂಬೆ ಮಾತಾಡುವಾಗ ನಿಮ್ಮ ಕಣ್ಣು ಅದರ ಮುಖದ ಮೇಲೇ ಇರ್ಬೇಕು, ನೀವು ನೋಡಿದ ಕಡೆ ಜನ ನೋಡ್ತಾರೆ.

ಮಧ್ಯೆ ಸ್ವಲ್ಪ ಜಾದೂ ಸೇರಿಸುವವರು ಇಸ್ಪೀಟು ಎಲೆಯನ್ನು ಗಾಳಿಯಾಡದ ಡಬ್ಬದಲ್ಲಿಡಿ, ಶೂ ಬಾಕ್ಸಲ್ಲಿ ಬರುವ ಸಿಲಿಕಾ ಪೊಟ್ಟಣ ಎರಡು ಹಾಕಿ. ನಮ್ಮ ಕರಾವಳಿಯ ಪಸೆಗೆ ಎಲೆ ಅಂಟಿಕೊಳ್ತದೆ, ಬೀಸಣಿಗೆ ತರ ಬಿಚ್ಚುದೇ ಇಲ್ಲ.

ಮಂಗಳೂರಿಂದ ಉಡುಪಿಗೆ ಹೈವೇ 66ರಲ್ಲಿ ಐವತ್ತೈದು ಅರವತ್ತು ಕಿಲೋಮೀಟರ್, ಆದ್ರೂ ಎರಡೂವರೆ ಗಂಟೆ ಇಟ್ಕೊಳ್ಳಿ. ಗೊಂಬೆ ಡಿಕ್ಕಿಯಲ್ಲಿ ಬೇಡ, ಸೀಟಲ್ಲಿ ಕೂರಿಸಿ. ಒಮ್ಮೆ ಬಿಸಿಲಿಗೆ ಡಿಕ್ಕಿಯೊಳಗೆ ಗಮ್ ಬಿಟ್ಟು ಬಾಯಿ ಎಳೆಯುವ ದಾರ ಕಿತ್ತು ಬಂದಿತ್ತು, ಶೋಗೆ ಹತ್ತು ನಿಮಿಷ ಇರುವಾಗ ಹಾಲ್‌ನ ಅಡುಗೆಯವರ ಹತ್ರ ಹೂ ಕಟ್ಟುವ ದಾರ ಕೇಳಿ ಕಟ್ಟಿದ್ದು, ಕೈ ನಡುಗ್ತಾ ಇತ್ತು. ಅಂದಿನಿಂದ ದಾರ, ಸೂಜಿ, ಗಮ್ ಶರ್ಟ್ ಕಿಸೆಯಲ್ಲೇ.

ಸಂಜೆ ಕಾರ್ಯಕ್ರಮದಲ್ಲಿ ಭಾಷಣ ಉದ್ದ ಆಗ್ತದೆ, ರಾತ್ರಿ 10ಕ್ಕೆ ಮೈಕ್ ನಿಲ್ಲಿಸ್ಬೇಕು, ನಲ್ವತ್ತು ನಿಮಿಷದ ಶೋವನ್ನು ಹನ್ನೆರಡು ನಿಮಿಷಕ್ಕೆ ಇಳಿಸಿದ್ದು ಒಂದು ಮೊದಲೇ ರೆಡಿ ಇರ್ಲಿ, ಒಳ್ಳೆ ಐಟಮ್ ಮೊದಲೇ ಹಾಕಿ. ದುಡ್ಡು ಅರ್ಧ ಅಡ್ವಾನ್ಸ್, ಉಳಿದದ್ದು ಬ್ಯಾಗ್ ಕಟ್ಟುವ ಮೊದಲು.

ಮನೆಗೆ ಎಷ್ಟು ಲೇಟಾಗಿ ಬಂದ್ರೂ ಗೊಂಬೆಯ ಅಂಗಿ ಬಿಚ್ಚಿ, ಕೈ ಹಾಕುವ ಒಳಬಟ್ಟೆ ಬೆವರಿಗೆ ಒದ್ದೆ ಆಗಿರ್ತದೆ, ಉಲ್ಟಾ ಮಾಡಿ ಫ್ಯಾನಿನ ಅಡಿ ಹಾಕಿಯೇ ಮಲಗಿ.