ಕೋಚ್ ಆಯ್ಕೆ: ಸಂದರ್ಶನಕ್ಕೆ ಮೊದಲು ಕೋರ್ಟಿಗಿಳಿಸಿದ್ದು

ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಬೇಕಿತ್ತು. ಸಂದರ್ಶನ ಆಮೇಲಿರಲಿ, ಮೊದಲು ಕೋರ್ಟಿಗಿಳಿಸಿ ನೋಡೋಣ ಅಂದಾಗ ಸಮಿತಿಯಲ್ಲಿ ಯಾರೂ ಒಪ್ಪಲಿಲ್ಲ. "ಅನುಭವಸ್ಥರಿಗೆ ಪರೀಕ್ಷೆನಾ? ಅವಮಾನ ಅಂದ್ಕೋತಾರೆ" ಎಂದರು. ಕರೆದ ಐವರಲ್ಲಿ ನಾಲ್ವರು ಖುಷಿಯಿಂದಲೇ ಬಂದರು. ಬಾರದವರ ಬಗ್ಗೆ ಬೇಸರವಿಲ್ಲ, ಒಂದು ದಿನದ ಖರ್ಚು ಉಳಿಯಿತು.

ಹಿಂದಿನ ಎರಡು ಆಯ್ಕೆಗಳೂ ಕೈಕೊಟ್ಟಿದ್ದವು. ಮೊದಲ ಸಲ ಪದಕ ನೋಡಿದೆವು. ಆಡುವುದರಲ್ಲಿ ಪಳಗಿದವರೇ, ಆದರೆ ತಾವು ಮಾಡುತ್ತಿದ್ದುದನ್ನು ಹುಡುಗರಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಎರಡನೇ ಸಲ ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೊಡುವ ಕೋಚಿಂಗ್ ಡಿಪ್ಲೊಮಾ ನೋಡಿದೆವು. ಕೋರ್ಸು ಒಳ್ಳೆಯದೇ, ತಪ್ಪು ನಮ್ಮದು: ಬೆಳಿಗ್ಗೆ ಆರಕ್ಕೆ ಊರಾಚೆಯ ಕ್ಯಾಂಪಸ್ಸಿಗೆ ಹೇಗೆ ಬರುತ್ತೀರಿ ಅಂತ ಕೇಳಲೇ ಇಲ್ಲ. ಮೂರು ತಿಂಗಳಿಗೆ ಬಿಟ್ಟುಹೋದರು. ಸಂಬಳ, ಟೂರ್ನಿಗಳ ಪ್ರವೇಶ ಶುಲ್ಕ, ಪ್ರಯಾಣ ಎಲ್ಲ ಸೇರಿ ಲಕ್ಷದ ಹತ್ತಿರ ಹೋಯಿತು.

ಈ ಸಲ ತಲಾ 75 ನಿಮಿಷ, ನಮ್ಮದೇ 12 ಹುಡುಗರು, ಅರ್ಧ ಕೋರ್ಟ್, ಆರೇ ಚೆಂಡು. ಬೇಕೆಂದೇ ಆರು. ತಲೆಗೊಂದು ಚೆಂಡಿದ್ದರೆ ಶೂಟಿಂಗ್ ಮಾಡಿಸಿ ಯಾರಾದರೂ ಹೊತ್ತು ಕಳೆಯಬಹುದು. ಆರಿದ್ದರೆ ಜೋಡಿ ಕಟ್ಟಬೇಕು, ಚೆಂಡಿಲ್ಲದವನಿಗೂ ಕೆಲಸ ಹಚ್ಚಬೇಕು. ಸ್ಟಾಪ್‌ವಾಚ್ ಹಿಡಿದು ನೋಡಿದ್ದು ಒಂದನ್ನೇ: ಒಬ್ಬ ಹುಡುಗ ಎಷ್ಟು ಹೊತ್ತು ಸುಮ್ಮನೆ ನಿಂತ? ಆಯ್ಕೆಯಾದವರಲ್ಲಿ 20 ನಿಮಿಷದ ಆಸುಪಾಸು, ಭಾಷಣ ಬಿಗಿದವರಲ್ಲಿ 40 ದಾಟಿತ್ತು. ಆ ಹುಡುಗನನ್ನು ಹೇಗೆ ಆರಿಸಿದೆವು ಅನ್ನೋದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಅರ್ಧ ದಾರಿಯಲ್ಲಿ "ಲ್ಯಾಬ್ ಇದೆ" ಅಂತ ಪಾಯಿಂಟ್ ಗಾರ್ಡನ್ನು, ಅಂದರೆ ಚೆಂಡು ತಂದು ಆಟ ನಡೆಸುವ ಹುಡುಗನನ್ನು, ಹೊರಗೆ ಕಳಿಸಿದೆವು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದು ದಿನಾ ಆಗುವುದೇ. ಇಬ್ಬರು ಡ್ರಿಲ್ ನಿಲ್ಲಿಸಿ ನಮ್ಮ ಮುಖ ನೋಡಿದರು. ಒಬ್ಬರು ಮಾತ್ರ ಐದೈದರ ಆಟವನ್ನು ಅಲ್ಲೇ ನಾಲ್ಕು-ನಾಲ್ಕರ ಶೆಲ್ ಡ್ರಿಲ್ (ರಕ್ಷಣೆ ಕಲಿಸುವ ಅಭ್ಯಾಸ) ಮಾಡಿ, ಮಿಕ್ಕ ಮೂವರನ್ನು ಸರದಿಯಲ್ಲಿ ಒಳಗೆ ಬಿಡುತ್ತ ಹೋದರು.

ಕೊನೆಗೆ ಟೈಮ್‌ಔಟ್ ಪರೀಕ್ಷೆ, ಒಂದು ಕಲ್ಪಿತ ಸನ್ನಿವೇಶ ಕೊಟ್ಟೆವು. ನಾಲ್ಕನೇ ಕ್ವಾರ್ಟರ್, 1 ನಿಮಿಷ 10 ಸೆಕೆಂಡ್ ಬಾಕಿ; ಎದುರಾಳಿ ಈಗಷ್ಟೇ ಬಾಸ್ಕೆಟ್ ಮಾಡಿದ್ದಾರೆ, ನಾವು ಎರಡು ಪಾಯಿಂಟ್ ಹಿಂದೆ. ಬೋರ್ಡು, ಪೆನ್ನು, 60 ಸೆಕೆಂಡ್. ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದ ಪ್ರಕಾರ ಇಲ್ಲಿ ಟೈಮ್‌ಔಟ್ ಆದಮೇಲೆ ಚೆಂಡನ್ನು ಕೋರ್ಟಿನ ಮುಂದಿನ ಅರ್ಧದಿಂದ, ಅಂದರೆ ನಾವು ಬಾಸ್ಕೆಟ್ ಮಾಡುವ ಕಡೆಯಿಂದ, ಒಳಹಾಕಲು ಅವಕಾಶವಿದೆ, ಆದರೆ ಆಗ ಶಾಟ್ ಕ್ಲಾಕ್ (ಬುಟ್ಟಿಗೆ ಎಸೆಯಲು ಸಿಗುವ ಹೊತ್ತು) 14 ಸೆಕೆಂಡ್. ಹಿಂದಿನ ಅರ್ಧದಿಂದಲೇ ಹಾಕಿದರೆ 24. ಮುಂದೆ ತಂದು, 24 ಇದೆ ಅಂದ್ಕೊಂಡು ಮೂರು ಸ್ಕ್ರೀನಿನ (ಎದುರಾಳಿಯ ದಾರಿಗೆ ಅಡ್ಡ ನಿಲ್ಲುವುದು) ಆಟ ಬಿಡಿಸಿದವರೂ ಇದ್ದರು. ಅದೇ ಶೆಲ್ ಡ್ರಿಲ್ಲಿನವರು ಬೋರ್ಡಿನ ಮೂಲೆಯಲ್ಲಿ 14 ಅಂತ ಬರೆದರು, ಒಂದೇ ಸ್ಕ್ರೀನ್ ಎಳೆದರು, 35ನೇ ಸೆಕೆಂಡಿಗೆ ಪೆನ್ನಿನ ಕ್ಯಾಪ್ ಹಾಕಿ "ಯಾರಿಗೆ ಅರ್ಥ ಆಗ್ಲಿಲ್ಲ?" ಅಂದರು. ನಮ್ಮ ಮಟ್ಟಿಗೆ ಆಯ್ಕೆ ಅಲ್ಲೇ ಮುಗಿಯಿತು.

ಹುಡುಗರಿಂದ ಚೀಟಿಯಲ್ಲಿ ಮತ ಹಾಕಿಸಿಯೂ ನೋಡಿದೆವು. ಕೆಲಸಕ್ಕೆ ಬರಲಿಲ್ಲ, ಸೀನಿಯರ್‌ಗಳು ತಮ್ಮನ್ನು ಕಡಿಮೆ ಓಡಿಸಿದವರಿಗೇ ಹಾಕಿದ್ದರು. ಮೊದಲ ವರ್ಷದವರ ಚೀಟಿ ಬೇರೆ ಎಣಿಸಿದಾಗ ಮಾತ್ರ ನಮ್ಮ ಲೆಕ್ಕಕ್ಕೆ ತಾಳೆಯಾಯಿತು.

ಎರಡು ವರ್ಷ ಮೊದಲ ಸುತ್ತಿಗೇ ಮನೆಗೆ ಬರುತ್ತಿದ್ದ ತಂಡ ಈ ಸಲ ಅಂತರ ಕಾಲೇಜು ಸೆಮಿಫೈನಲ್ ಆಡಿತು. ಆವತ್ತು ತಲೆ ಅಲ್ಲಾಡಿಸಿದವರೇ ಈಗ ವಾಲಿಬಾಲ್‌ಗೂ ಹೀಗೇ ಮಾಡಿ ಅನ್ನುತ್ತಿದ್ದಾರೆ.

ನಾಲ್ವರಿಗೂ ತಲಾ ಒಂದೂವರೆ ಸಾವಿರ ಗೌರವಧನ, ಬಸ್ ಚಾರ್ಜು, ತಿಂಡಿ ಸೇರಿ ಎಂಟು ಸಾವಿರದೊಳಗೆ ಮುಗಿಯಿತು. ಆಯ್ಕೆಯಾದವರಿಗೆ ಸಂಬಳ 30 ಸಾವಿರ, ಪೆಟ್ರೋಲ್ ಬೇರೆ. ಇಂಟರ್ನಲ್ಸ್ ವಾರಗಳಲ್ಲಿ ಪ್ರಾಕ್ಟೀಸ್ ಇಲ್ಲದಿದ್ದರೂ ಸಂಬಳ ಹಿಡಿಯುವುದಿಲ್ಲ ಅಂತ ಬರೆದೇ ಕೊಟ್ಟೆವು. ಹಿಂದಿನವರು ಬಿಟ್ಟದ್ದಕ್ಕೆ ಹಾಗೆ ಸಂಬಳ ಹಿಡಿದದ್ದೂ ಒಂದು ಕಾರಣವಾಗಿತ್ತು.