ಮನೋವಿಜ್ಞಾನದ ಬಿಎ: ಪ್ರಾಕ್ಟಿಕಲ್‌ನಿಂದ ಓದು ಆರಂಭಿಸಿ

ಮನೋವಿಜ್ಞಾನ ಓದಿದರೆ ಎದುರಿಗಿರುವವರ ಮನಸ್ಸು ತಿಳಿಯುತ್ತದೆ ಎಂಬ ನಿರೀಕ್ಷೆಯಿಂದ ಪದವಿಗೆ ಸೇರಿದವರು, ಮೊದಲ ಸೆಮಿಸ್ಟರಿನಲ್ಲೇ ನರಕೋಶ, ಸಂವೇದನೆ, ಸರಾಸರಿ ಎಂಬ ಪಾಠಗಳನ್ನು ಕಂಡು ಕಂಗಾಲಾಗುವುದುಂಟು. ಆದರೆ ಇದು ಅಳೆದು ನೋಡುವ ಶಾಸ್ತ್ರ. 1879ರಲ್ಲಿ ವಿಲ್ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ತೆರೆದ ಪ್ರಯೋಗಶಾಲೆಯಿಂದಲೇ ಇದರ ವಯಸ್ಸನ್ನು ಎಣಿಸುವುದು ವಾಡಿಕೆ. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಿಭಾಗ 1924ರಷ್ಟು ಹಳೆಯದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ರೇಡಿಯೋ ಪ್ರಸಾರವನ್ನೂ ಆರಂಭಿಸಿದರು ಎಂಬುದನ್ನು ನೆನೆದರೆ ಈಗಲೂ ಹೆಮ್ಮೆಯಾಗುತ್ತದೆ.

ಆದ್ದರಿಂದ ಓದನ್ನು ಪ್ರಾಕ್ಟಿಕಲ್‌ನಿಂದ ಆರಂಭಿಸಿ. ಒಂದೇ ಉದ್ದದ ಎರಡು ಗೆರೆಗಳು ತುದಿಯ ಗುರುತುಗಳಿಂದಾಗಿ ಬೇರೆ ಬೇರೆ ಉದ್ದದವಾಗಿ ಕಾಣುವ ಮುಲ್ಲರ್-ಲಾಯರ್ ಭ್ರಮೆಯ ಪ್ರಯೋಗವನ್ನೇ ನೋಡೋಣ. ತುದಿಗಳಲ್ಲಿ ಬಾಣದ ಮೊನೆಯಿರುವ ಗೆರೆಗೆ ಸಮನಾಗುವಂತೆ, ಗರಿಗಳು ಹೊರಕ್ಕೆ ಚಾಚಿರುವ ಇನ್ನೊಂದು ಗೆರೆಯನ್ನು ನಿಮ್ಮ ಗೆಳತಿ ಸರಿಸುತ್ತಾ ಹೋಗಿ ‘ಇಷ್ಟೇ’ ಎಂದು ನಿಲ್ಲಿಸುತ್ತಾಳೆ. ನೀವು ಗೆರೆಗಳಿರುವ ಹಲಗೆಯ ಹಿಂಬದಿಯ ಅಳತೆಯನ್ನು ಓದುತ್ತೀರಿ. ಮೊದಲ ಗೆರೆ 150 ಮಿ.ಮೀ. ಇದ್ದು ಆಕೆ 128ಕ್ಕೆ ನಿಲ್ಲಿಸಿದ್ದರೆ, ಆ 22 ಮಿ.ಮೀ. ಅಂತರವೇ ಭ್ರಮೆಯ ಅಳತೆ. ಅರ್ಧದಷ್ಟು ಸಲ ಗೆರೆಯನ್ನು ಉದ್ದದಿಂದ ಗಿಡ್ಡಕ್ಕೆ, ಉಳಿದರ್ಧ ಸಲ ಗಿಡ್ಡದಿಂದ ಉದ್ದಕ್ಕೆ ಏಕೆ ಸರಿಸಬೇಕು, ಹಲಗೆಯನ್ನು ಎಡಬಲ ಏಕೆ ತಿರುಗಿಸಬೇಕು ಎಂದು ಅಲ್ಲೇ ಕೇಳಿ ತಿಳಿಯಿರಿ. ಕೈಗೂ ಕಣ್ಣಿಗೂ ಇರುವ ಅಭ್ಯಾಸಬಲವು ಭ್ರಮೆಯೊಡನೆ ಬೆರೆಯದಂತೆ ನೋಡಿಕೊಳ್ಳುವುದೇ ಇದರ ಉದ್ದೇಶವೆಂದು ಒಮ್ಮೆ ಮನದಟ್ಟಾದರೆ, ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಬರುವ ‘ನಿಯಂತ್ರಣ’ ಎಂಬ ಪದವನ್ನು ಉರು ಹೊಡೆಯಬೇಕಾಗಿಲ್ಲ. ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಅಂಕಿಗಳನ್ನು ಇಳಿಸಿಕೊಳ್ಳುವ ರೂಢಿ ಮಾತ್ರ ದಯವಿಟ್ಟು ಬೇಡ. ಬಂದ ಅಂಕಿ ಪುಸ್ತಕಕ್ಕೆ ಹೊಂದದಿದ್ದರೂ ಹಾಗೆಯೇ ಬರೆದು, ಕಾರಣವನ್ನು ಚರ್ಚೆಯ ಭಾಗದಲ್ಲಿ ವಿವರಿಸಿ; ವೈವಾದಲ್ಲಿ ಧೈರ್ಯದಿಂದ ಉತ್ತರಿಸಲು ಬೇಕಾಗುವುದು ಇದೇ.

ಕನ್ನಡ ಮಾಧ್ಯಮದಿಂದ ಬಂದವರು ಪ್ರತಿ ಪಾರಿಭಾಷಿಕ ಪದವನ್ನೂ ಕನ್ನಡ ಹಾಗೂ ಇಂಗ್ಲಿಷ್ ಎರಡರಲ್ಲೂ, ಸ್ವಂತದ ಒಂದು ಉದಾಹರಣೆಯೊಂದಿಗೆ ಬರೆದಿಟ್ಟುಕೊಳ್ಳಬೇಕು. ಭೌತಶಾಸ್ತ್ರದಲ್ಲಿ ಮೊಮೆಂಟಮ್ ಆಗಿದ್ದ ‘ಸಂವೇಗ’ ಇಲ್ಲಿ ಎಮೋಷನ್ ಆಗುತ್ತದೆ. ‘ನಕಾರಾತ್ಮಕ ಪುನರ್ಬಲನ’ ಎಂದರೆ ಶಿಕ್ಷೆ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಫ್ಯಾನ್ ಹಾಕಿದಾಗ ಸೊಳ್ಳೆಕಾಟ ನಿಂತಿತು, ಆದ್ದರಿಂದ ಮರುದಿನ ಬೇಗನೆ ಫ್ಯಾನ್ ಹಾಕಿದೆವು. ಅಹಿತವು ತೊಲಗಿದ್ದರಿಂದ ವರ್ತನೆ ಬಲಗೊಂಡಿತು; ನಕಾರಾತ್ಮಕ ಪುನರ್ಬಲನವೆಂದರೆ ಇದೇ. ಶಿಕ್ಷೆಯಾದರೋ ವರ್ತನೆಯನ್ನು ತಗ್ಗಿಸುತ್ತದೆ.

ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ, ಸರಾಸರಿ, ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಮತ್ತು ಸಹಸಂಬಂಧವನ್ನು (ಎರಡು ಅಳತೆಗಳು ಎಷ್ಟರಮಟ್ಟಿಗೆ ಜೊತೆಜೊತೆಗೆ ಬದಲಾಗುತ್ತವೆ ಎಂಬುದು) ನಿಮ್ಮದೇ ಪ್ರಯೋಗದ ಅಂಕಿಗಳ ಮೇಲೆ ಕೈಯಾರೆ ಲೆಕ್ಕ ಹಾಕಿದರೆ ಸಾಕು.

ಪುನರಾವರ್ತನೆಗೂ ಈ ಶಾಸ್ತ್ರವೇ ದಾರಿ ತೋರಿಸುತ್ತದೆ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದಂತೆ, ಮರೆವು ಕಲಿತ ಕೂಡಲೇ ವೇಗವಾಗಿ ಸಾಗಿ ನಂತರ ನಿಧಾನವಾಗುತ್ತದೆ. ಹೀಗಾಗಿ ತರಗತಿಯಲ್ಲಿ ಕೇಳಿದ್ದನ್ನು ಅದೇ ಸಂಜೆ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಿರಿ. ಮತ್ತೆ ಮೂರನೆಯ ದಿನ, ಆಮೇಲೆ ವಾರದ ಕೊನೆಗೆ ಬರೆಯಿರಿ.

ಮುಂದಿನ ದಾರಿಯನ್ನು ಮೊದಲ ವರ್ಷವೇ ತಿಳಿದಿರುವುದು ಒಳ್ಳೆಯದು. ಮೂರು ವರ್ಷದ ಬಿಎ ಮುಗಿಸಿದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸ್ ಮತ್ತು ಅಲ್ಲಿನ ನೋಂದಣಿ ಬೇಕು. ಅಲ್ಲಿಯವರೆಗೆ, ಸಂಬಂಧಿಕರ ಮನೆಯಲ್ಲಿ ಯಾರಾದರೂ ‘ಸೈಕಾಲಜಿ ಓದ್ತಿದ್ದೀಯಲ್ಲ, ಇವನಿಗೇನಾಗಿದೆ ನೋಡು’ ಎಂದರೆ, ನಯವಾಗಿ ನಿರಾಕರಿಸಿ ಮನೋವೈದ್ಯರ ಬಳಿಗೆ ಕಳಿಸಿ. ಹಾಗೆಯೇ, ಪ್ರಾಕ್ಟಿಕಲ್‌ನಲ್ಲಿ ಸಹಪಾಠಿಗೆ ಬಂದ ಬುದ್ಧಿಶಕ್ತಿ ಅಥವಾ ಆತಂಕದ ಅಂಕವನ್ನು ಹಾಸ್ಟೆಲಿನಲ್ಲಿ ಆಡಿಕೊಳ್ಳದೆ, ರೆಕಾರ್ಡಿನಲ್ಲಿ ಪೂರ್ಣ ಹೆಸರಿನ ಬದಲು ಮೊದಲಕ್ಷರಗಳನ್ನಷ್ಟೇ ಬರೆಯಿರಿ.