ತೊಂಬತ್ತು ಮಣಿಗಳ ಸಿ-60: ನನ್ನ ಅನುಭವ

ಸಿ-60 ಅಂದರೆ ಅರವತ್ತು ಕಾರ್ಬನ್ ಪರಮಾಣುಗಳ ಚೆಂಡಿನಾಕಾರದ ಅಣು; ನಾನು ಹೆಣೆದದ್ದು ಅದರ ಮಾದರಿ. ದಾರದಲ್ಲಿ ಹೆಣೆದ ಮಣಿ ಗುಂಡಗೆ ನಿಲ್ಲುವುದಿಲ್ಲ, ತಂತಿಯೇ ಬೇಕು ಅಂದವರೇ ಹೆಚ್ಚು. ನಿಂತಿದೆ. 8 ಮಿ.ಮೀ. ಅಕ್ರಿಲಿಕ್ ಮಣಿ 90, ನೈಲಾನ್ ಎಳೆ ಒಂದೇ, ಅಡ್ಡಳತೆ ಐದೂವರೆ ಸೆಂಟಿಮೀಟರ್ ಆಸುಪಾಸು. ಮುಷ್ಟಿಯಲ್ಲಿ ಹಿಸುಕಿದರೂ ತಗ್ಗುವುದಿಲ್ಲ.

ಇಲ್ಲಿ ಮಣಿ ಅಂದರೆ ಪರಮಾಣುವಲ್ಲ, ಎರಡು ಪರಮಾಣುಗಳ ನಡುವಿನ ಬಂಧ. ಮೂರು ಮಣಿ ಸೇರುವ ಸಂದಿಯೇ ಕಾರ್ಬನ್. ತೈವಾನಿನ ರಸಾಯನ ವಿಜ್ಞಾನಿ ಬೀ-ಯಾವ್ ಜಿನ್ ಅವರ ಮಣಿ ಮಾದರಿಗಳೂ ಹೀಗೇ. ಎಳೆ ಬಿಗಿದಷ್ಟೂ ಮಣಿಗಳು ಒಂದನ್ನೊಂದು ತಳ್ಳಿ ತಾವೇ ಗೋಳವಾಗುತ್ತವೆ, ಕೋನ ಅಳೆಯುವ ಕೆಲಸವೇ ಇಲ್ಲ.

ದುಡ್ಡು ಹೋದದ್ದು ಎಳೆಯ ಆಯ್ಕೆಯಲ್ಲಿ. ತಾಮ್ರದ ತಂತಿ ಎರಡನೇ ಸಲ ಮಣಿ ದಾಟುವಾಗ ಮುರುಟಿ ತುಂಡಾಗುತ್ತದೆ. ಎಲಾಸ್ಟಿಕ್ ದಾರದ ಚೆಂಡು ವಾರದಲ್ಲಿ ಜೋತುಬಿತ್ತು. ಕ್ರಿಸ್ಟಲ್ ಮಣಿಯ ತೂತಿನ ಅಂಚು ಎಷ್ಟು ಹರಿತವೆಂದರೆ ಐವತ್ತನೇ ಮಣಿಯ ಹೊತ್ತಿಗೆ ನೈಲಾನನ್ನೇ ಕೊಯ್ದಿತ್ತು. ಎಲ್ಲ ಸೇರಿ ಸಾವಿರದಿನ್ನೂರು ರೂಪಾಯಿ ನಷ್ಟ. ಈಗ ಒಂದು ಚೆಂಡಿಗೆ ಅರವತ್ತು ರೂಪಾಯಿ ಸಾಕು. ನೂರು ಗ್ರಾಂ ಪೊಟ್ಟಣದಲ್ಲಿ ಮುನ್ನೂರರಷ್ಟು ಮಣಿ ಸಿಗುತ್ತವೆ, ಅಂದರೆ ಮೂರು ಚೆಂಡು. ಸಣ್ಣದು ದೊಡ್ಡದು ಬೆರೆತಿದ್ದರೆ ಮೊದಲೇ ಆರಿಸಿಬಿಡಿ, ಇಲ್ಲವಾದರೆ ಒಂದು ಪಕ್ಕ ಉಬ್ಬುತ್ತದೆ.

0.3 ಮಿ.ಮೀ. ಮೀನು ಹಿಡಿಯುವ ನೈಲಾನ್, ಎರಡೂವರೆ ಮೀಟರ್. ಪ್ರತಿ ಮಣಿಯಲ್ಲಿ ಎಳೆ ಎರಡು ಸಲ ಹಾಯುವುದರಿಂದ ಮಣಿಯೊಳಗೇ ಒಂದೂವರೆ ಮೀಟರ್ ಮುಗಿಯುತ್ತದೆ, ಉಳಿದದ್ದು ಕೈಹಿಡಿತಕ್ಕೆ. ಕೆಂಪು 60, ಬಿಳಿ 30. ಪಂಚಭುಜಕ್ಕೆ ಐದೂ ಕೆಂಪು. ಷಡ್ಭುಜಕ್ಕೆ ಕೆಂಪು-ಬಿಳಿ ಒಂದು ಬಿಟ್ಟೊಂದು. ಬಿಳಿಯವು ಜೋಡಿ ಬಂಧಗಳು.

ಮೊದಲು ಪಂಚಭುಜ, ಎಳೆಯ ಎರಡೂ ತುದಿ ಕೊನೆಯ ಮಣಿಯಲ್ಲಿ ಎದುರುಬದುರು ಹಾಯಬೇಕು. ಸುತ್ತಲಿನ ಐದು ಷಡ್ಭುಜಗಳಿಗೆ ಹೊಸ ಮಣಿ ಕ್ರಮವಾಗಿ 5, 4, 4, 4, 3. ಇಲ್ಲಿಗೆ 25 ಮಣಿಯ ಬಟ್ಟಲು. ಇದೇ, ಬಟ್ಟಲಾಕಾರದ ಅಣುವಾದ ಕೊರಾನ್ಯುಲೀನ್‌ನ ಕಾರ್ಬನ್ ಚೌಕಟ್ಟು. ಮೊದಲ ಪಂಚಭುಜ 1ನೇ ಮುಖ, ಸುತ್ತಲಿನವು 2ರಿಂದ 6. ಅಲ್ಲಿಂದ ಸುರುಳಿಯಾಗಿ ಹೋಗುತ್ತ 7, 9, 11, 13, 15, 18, 20, 22, 24, 26 ಮತ್ತು 32ನೇ ಮುಖಗಳು ಪಂಚಭುಜ, ಉಳಿದದ್ದೆಲ್ಲ ಷಡ್ಭುಜ. ಕೊನೆಯ ಮುಖಕ್ಕೆ ಹೊಸ ಮಣಿ ಬೇಕಿಲ್ಲ, ಎಳೆ ಸುತ್ತಿ ಬಿಗಿದರೆ ಆಯಿತು.

ಎಡವುವುದು 16-17ರ ತಿರುವಿನಲ್ಲಿ: ಎರಡು ಷಡ್ಭುಜ ಬೆನ್ನುಬೆನ್ನಿಗೆ ಬರುತ್ತವೆ, ಕೈ ಮಾತ್ರ ರೂಢಿಯಂತೆ ಪಂಚಭುಜ ಹಾಕಿಬಿಡುತ್ತದೆ. ಪ್ರತಿ ಸಂದಿಯಲ್ಲೂ ಎರಡು ಕೆಂಪು, ಒಂದು ಬಿಳಿ ಇದೆಯೇ ನೋಡುತ್ತ ಹೋದರೆ ತಪ್ಪು ಅಲ್ಲೇ ಸಿಗುತ್ತದೆ. ನೋಡದೆ ಮುಂದೆ ಹೋದರೆ ಹದಿನೈದು ಮುಖ ಬಿಚ್ಚಬೇಕು, ಬಿಚ್ಚಿದ ನೈಲಾನ್ ಸುಕ್ಕುಗಟ್ಟಿ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಕೊನೆಯ ಗಂಟು ಹೊರಗೆ ಕಾಣದಂತೆ ಕೂರಿಸುವ ಬಗೆ ನನ್ನಲ್ಲೇ ಇರಲಿ.

ಎಪ್ಪತ್ತು ಕಾರ್ಬನ್ನಿನ ಸಿ-70ಕ್ಕೆ ನಡುವಿನಲ್ಲಿ 15 ಮಣಿ ಹೆಚ್ಚು, ಒಟ್ಟು 105. 120 ಕಾರ್ಬನ್‌ಗಳ ಬಳೆಯನ್ನೂ ಹೆಣೆದೆ, 180 ಮಣಿ: ಹೊರಗಡೆ ಹತ್ತು ಪಂಚಭುಜ, ಒಳಗಡೆ ಹತ್ತು ಸಪ್ತಭುಜ. ಐದು ಮೀಟರ್ ಎಳೆ ಒಂದೇ ಸಲಕ್ಕೆ ಹಿಡಿದರೆ ಸಿಕ್ಕಾಗುತ್ತದೆ; ಮೂರು ಮೀಟರಿನಲ್ಲಿ ಶುರುಮಾಡಿ, ಸಪ್ತಭುಜಗಳು ಮುಗಿದ ಮೇಲೆ ಉಳಿದ ಎಳೆಯನ್ನು ಹೊರಮೈಯಲ್ಲಿ ಜೋಡಿಸಿ. ಒಳಗೆ ಹಾಕಿದ ಗಂಟಿಗೆ ಆಮೇಲೆ ಬೆರಳು ತಲುಪುವುದಿಲ್ಲ.